ಒಂಬತ್ತು ಹಾಡು ಕೂತು ಕೇಳುವವರು ಬೇಕಾಗಿದ್ದಾರೆ

ಹಾಡು ಕೇಳುವುದು ಗದ್ದಲದ ಕೆಲಸವೇನಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸುಮ್ಮನೆ ಕೂತರೆ ಆಯಿತು. ಆದರೂ ನಾನು ಹಾಡು ಕೇಳಲು, ಅಥವಾ ಯಾರಿಗಾದರೂ ಕೇಳಿಸಲು ಹೊರಟಾಗೆಲ್ಲ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ನಾನಿರುವುದು ಶಹಾಪುರದಲ್ಲಿ, ನೌಕರಿ ಸುರಪುರದ ಒಂದು ಕಚೇರಿಯಲ್ಲಿ, ತವರು ಯಾದಗಿರಿ. ಈ ಮೂರೂರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ವರ್ಷವಿಡೀ ಹೊಸ ಹೊಸ ಆಲ್ಬಂ ಕೇಳುತ್ತೇನೆ. ಬಿಡಿ ಹಾಡಲ್ಲ, ಇಡೀ ಆಲ್ಬಂ. ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ, ಹಾಡಿದವರು ಜೋಡಿಸಿದ ಕ್ರಮದಲ್ಲೇ. ವರ್ಷ ಮುಗಿಯುವ ಹೊತ್ತಿಗೆ ನನಗೆ ಹಿಡಿಸಿದ ಐದನ್ನು ಆರಿಸಿ, ಪ್ರಥಮ ಸ್ಥಾನ, ದ್ವಿತೀಯ ಸ್ಥಾನ ಎಂದು ಬರೆದು ಫೋನಿನ ಸ್ಟೇಟಸ್ಸಿಗೆ ಹಾಕುತ್ತೇನೆ. ನೆಂಟರು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಒಂದನ್ನಾದರೂ ಕೇಳಿದವರು ಇಲ್ಲಿಯವರೆಗೆ ಯಾರೂ ಇಲ್ಲ.

ಈ ವರ್ಷ ನನ್ನ ಪ್ರಥಮ ಸ್ಥಾನ ಒಬ್ಬ ಹುಡುಗಿ ಗಿಟಾರ್ ಹಿಡಿದು ಹಾಡಿದ ಒಂಬತ್ತು ತತ್ವಪದಗಳಿಗೆ. ಶುರುವಿನಲ್ಲಿ ಪಕ್ಕದ ಮನೆಯವರಿಗೆ ಕೇಳಿಸಬಾರದು ಅನ್ನುವಷ್ಟು ಸಣ್ಣಗೆ ಹಾಡುತ್ತಾಳೆ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ನಮ್ಮ ಎದೆಯೊಳಗೇ ಬಂದು ಕೂತಿರುತ್ತಾಳೆ. ಮೊದಲ ಸಲ ಕೇಳಿದ ದಿನ ನಾನು ಇಳಿಯುವ ಸ್ಟಾಪೇ ದಾಟಿಹೋಗಿತ್ತು. ಇಂಥದ್ದೊಂದು ಸಿಕ್ಕಿ, ಅದನ್ನು ಯಾರ ಜೊತೆಗೂ ಹಂಚಿಕೊಳ್ಳಲಾಗದಿದ್ದರೆ ಹೊಟ್ಟೆ ಉಬ್ಬಿದ ಹಾಗಾಗುತ್ತದೆ. ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ಅದಕ್ಕೇ ಹಟ ಹಿಡಿದೆ. ವರ್ಷ ಮುಗಿಯುವುದರೊಳಗೆ ಒಬ್ಬರಾದರೂ ಈ ಒಂಬತ್ತು ಹಾಡನ್ನು ನಡುವೆ ಏಳದೆ ಕೂತು ಕೇಳಬೇಕು.

ಕೋಣನ ತಪ್ಪಿಲ್ಲ

ಮನೆಯಿಂದಲೇ ಶುರು ಮಾಡಿದೆ. ನನ್ನ ಗಂಡ ಹತ್ತಿ ಗಿರಣಿಯಲ್ಲಿ ಸೂಪರ್‌ವೈಸರ್. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಎದುರಿಗೆ ಕೂಡಿಸಿಕೊಂಡು ಆಲ್ಬಂ ಹಚ್ಚಿದೆ. ಎರಡನೆಯ ಹಾಡು ಮುಗಿಯುವುದರೊಳಗೆ ಗೊರಕೆ ಶುರುವಾಯಿತು. ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು, ಅದನ್ನು ಮಾತ್ರ ಒಪ್ಪಬೇಕು.

ಭುಜ ಹಿಡಿದು ಅಲ್ಲಾಡಿಸಿದೆ. "ರೀ, ಹೆಂಗಿತ್ರಿ?"

"ಏನು?"

"ಹಾಡು!"

"ಏ, ಗಿರಣಿಯಾಗ ದಿನಾ ಶಬ್ದ ಕೇಳ್ತೀನಿ, ಪಗಾರ ಕೊಡ್ತಾರ. ನಿನ್ನ ಶಬ್ದ ಕೇಳಿದ್ರ ನನಗೇನು ಸಿಗ್ತದ?"

ನನಗೆ ರೇಗಿತು. "ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು ನೋಡ್ರಿ ನನ್ನ ಕಥಿ" ಅಂದೆ.

ಅವರು ಮಗ್ಗುಲು ಬದಲಿಸುತ್ತ ಶಾಂತವಾಗಿ ಹೇಳಿದರು: "ಬಾರಸು ಅಂತ ಕೋಣ ಬಂದು ಕೇಳಿತ್ತೇನು? ಉಂಡು ಮಲಗಿದ ಕೋಣನ ಮುಂದ ಕಿನ್ನರಿ ಹಿಡ್ಕೊಂಡು ಹೋದಾಕಿ ನೀನು."

ಅವ್ವನ ಡಬ್ಬಿ

ಯಾದಗಿರಿಯಲ್ಲಿ ನನ್ನ ಅವ್ವನ ಹತ್ತಿರ ಪೆನ್‌ಡ್ರೈವ್ ಹಾಕಿದರೆ ಹಾಡುವ ಒಂದು ಸ್ಪೀಕರ್ ಡಬ್ಬಿ ಇದೆ. ಅವ್ವನಿಗೆ ತತ್ವಪದವೆಂದರೆ ಜೀವ. ಮೊದಲೇ ಇದು ಯಾಕೆ ಹೊಳೆಯಲಿಲ್ಲವೋ ಅಂತ ನನ್ನನ್ನು ನಾನೇ ಬೈದುಕೊಂಡು, ಸ್ಟೇಷನ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ನನಗೆ ವಾಪಸು ಬಸ್ಸಿನ ಹೊತ್ತಾಗಿತ್ತು. ಈ ಒಂಬತ್ತು ಹಾಡು ಪೆನ್‌ಡ್ರೈವಿಗೆ ಹಾಕಿ ಅವ್ವನಿಗೆ ಮುಟ್ಟಿಸಿ ಅಂತ ಹೇಳಿದೆ. "ಕ್ರಮ ಮಾತ್ರ ತಪ್ಪಬಾರದು ನೋಡ್ರಿ" ಎಂದು ಎರಡೆರಡು ಸಲ ಎಚ್ಚರಿಸಿದೆ.

ಒಂದು ವಾರ ಬಿಟ್ಟು ಅವ್ವನ ಫೋನ್ ಬಂತು. "ಎಲ್ಲಾ ಕೇಳಿದೆ ಯವ್ವಾ. ನಾ ಅಷ್ಟ ಅಲ್ಲ, ಓಣ್ಯಾಗಿನ ಹೆಣ್ಮಕ್ಕಳೆಲ್ಲ ಬಂದು ಕುಂತು ಕೇಳಿದ್ರು. ಎಷ್ಟು ಛಂದ ಅವ!"

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಬ್ಬರನ್ನು ಹುಡುಕುತ್ತಿದ್ದವಳಿಗೆ ಓಣಿಗೆ ಓಣಿಯೇ ಸಿಕ್ಕಿತ್ತು. "ಯಾವುದು ಭಾಳ ಸೇರ್ತವ್ವಾ?" ಎಂದು ಕೇಳಿದೆ.

"ಅದ, ಹಲಗಿ ಬಡಕೋತ ಗಂಡಸು ಕೇಕಿ ಹಾಕ್ತಾನಲ್ಲ, ಅದು."

ನನ್ನ ಆಲ್ಬಮ್ಮಿನಲ್ಲಿ ಹಲಗೆ ಇಲ್ಲ, ಕೇಕೆ ಇಲ್ಲ, ಗಂಡಸೇ ಇಲ್ಲ. ಮುಂದಿನ ಸಲ ಯಾದಗಿರಿಗೆ ಹೋದಾಗ ಸೀದಾ ಅಂಗಡಿಗೇ ನಡೆದೆ. ಅಂಗಡಿಯವನಿಗೆ ಸ್ವಲ್ಪವೂ ಅಳುಕಿಲ್ಲ.

"ಅಕ್ಕಾರ, ನೀವು ಕೊಟ್ಟದ್ದರಾಗ ಒಂದು ಹೆಣ್ಮಗಳ ದನಿ ಸಣ್ಣಗ ಬರಾಕತ್ತಿತ್ರಿ. ರೆಕಾರ್ಡಿಂಗ್ ಕೆಟ್ಟದ ಅಂತ ತಿಳ್ಕೊಂಡು ಅಳಿಸಿ, ಚಲೋ ಚಲೋವು ಹಾಕಿ ಕೊಟ್ಟೀನಿ. ಕ್ರಮ ಮಾತ್ರ ತಪ್ಪಿಸಿಲ್ರಿ. ಒಂದರಿಂದ ಒಂಬತ್ತರ ತನಕ ಬರೋಬ್ಬರಿ ಅವ!"

ಬಸ್ಸಿನಲ್ಲಿ ಸೂತಕ

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಮುಂಜಾನೆ ನನ್ನ ಪಕ್ಕ ಗಂಟು ಹಿಡಿದುಕೊಂಡ ಮುದುಕಿ ಕೂತಳು. ನನ್ನ ಕಿವಿಯನ್ನೇ ನೋಡಿ ನೋಡಿ ಕೊನೆಗೆ ಕೇಳಿದಳು: "ಏನು ಕೇಳಾಕತ್ತೀಯ ತಂಗೀ?"

ನನಗೆ ಅಷ್ಟೇ ಸಾಕಾಗಿತ್ತು. ಒಂದು ತುದಿ ಅವಳ ಕಿವಿಗೆ ಇಟ್ಟು ಮೊದಲಿನಿಂದ ಹಚ್ಚಿದೆ. ಮೊದಲ ಹಾಡಿಗೆ ಮುದುಕಿ ಗದ್ದಕ್ಕೆ ಕೈ ಹಚ್ಚಿದಳು. ಎರಡನೆಯದಕ್ಕೆ ಕಣ್ಣು ತುಂಬಿ ಬಂದವು. ಮೂರನೆಯದಕ್ಕೆ ಸೆರಗು ಬಾಯಿಗೆ ಹಿಡಿದು ಬಿಕ್ಕತೊಡಗಿದಳು. ನನಗೋ ಸ್ವರ್ಗ ಮೂರೇ ಗೇಣು. ದೇವರೇ, ಬಸ್ಸು ಇವತ್ತು ನಿಧಾನ ಹೋಗಲಿ, ಇನ್ನಾರು ಹಾಡು ಉಳಿದಿವೆ ಎಂದು ಬೇಡಿಕೊಳ್ಳುತ್ತಿದ್ದೆ.

ಹಿಂದಿನ ಸೀಟಿನಿಂದ ಯಾರೋ ಎದ್ದರು. "ಯಾಕಬೇ ಆಯಿ, ಏನಾತು?"

"ಫೋನಿನ್ಯಾಗ ಏನೋ ಸುದ್ದಿ ಬಂದಂಗ ಕಾಣ್ತದ" ಎಂದರು ಮತ್ತೊಬ್ಬರು.

ಕಂಡಕ್ಟರ್ ಬಂದವನೇ ಮುದುಕಿಯ ಕಿವಿಯಿಂದ ಇಯರ್‌ಫೋನ್ ತೆಗೆದು ಕೇಳಿದ: "ಯಾರು ಹೋದ್ರಬೇ?"

"ಯಾರಂತ ತಿಳೀವಲ್ತೋ ಯಪ್ಪಾ" ಎಂದು ಮುದುಕಿ ಮೂಗು ಒರೆಸಿಕೊಂಡಳು. "ಈ ತಂಗಿ ಮನಿಯವರು ಇರಬೇಕು. ಒಂದು ಹುಡುಗಿ ಹೇಳಿ ಹೇಳಿ ಅಳಾಕತ್ತಾಳ, ಪಾಪ."

"ಯಾರೂ ಸತ್ತಿಲ್ರಿ, ಅದು ಹಾಡು" ಅಂದೆ. ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿ, "ಮೊದಲಿಗೆ ಎಲ್ಲಾರೂ ಹಂಗ ಅಂತಾರ. ಆಕಿಗಿ ನೀರು ಕುಡಸ್ರಿ" ಎಂದರು. ಕುಡಿಸಿದರು. ಎರಡು ಬಾಟಲಿ. ಬಸ್ಸು ನಮ್ಮ ಕಚೇರಿಯ ಬಾಗಿಲಿಗೇ ಬಂದು ನಿಂತಿತು. ಕಂಡಕ್ಟರ್ ಕೈ ಹಿಡಿದು ಇಳಿಸಿದ.

ಅಷ್ಟರಲ್ಲಿ ಬಸ್ಸಿನಲ್ಲಿದ್ದ ಯಾರೋ ಕಚೇರಿಗೆ ಫೋನ್ ಮಾಡಿಬಿಟ್ಟಿದ್ದರು. ನಮ್ಮ ಹಿರಿಯ ಗುಮಾಸ್ತರು ಗೇಟಿನಲ್ಲೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. "ಮೇಡಂ, ಧೈರ್ಯ ತಗೋರಿ. ರಜಾ ಅರ್ಜಿ ನಾನೇ ಬರದೀನಿ, ಸಹಿ ಅಷ್ಟ ಮಾಡ್ರಿ. ತೀರಿಕೊಂಡವರು ನಿಮಗೇನಾಗಬೇಕು ಅನ್ನೂದಕ್ಕ ಜಾಗಾ ಬಿಟ್ಟೀನಿ, ಅದನ್ನ ನೀವ ತುಂಬ್ರಿ."

ಇಟ್ಟು ಹೋಗ್ರಿ, ನೋಡೂಣು

ಡಿಸೆಂಬರ್ ಬಂತು. ಒಬ್ಬರೂ ಪೂರ್ತಿ ಕೇಳದಿದ್ದರೂ ಪಟ್ಟಿಯನ್ನು ಸ್ಟೇಟಸ್ಸಿಗೆ ಹಾಕಿದೆ. ಪ್ರಥಮ ಸ್ಥಾನ: ತತ್ವಪದ. ಮರುದಿನ ಅದೇ ಹಿರಿಯ ಗುಮಾಸ್ತರು ಕುರ್ಚಿ ಎಳೆದುಕೊಂಡು ನನ್ನ ಟೇಬಲ್ಲಿನ ಹತ್ತಿರ ಬಂದರು. ದನಿ ಬಹಳ ತಗ್ಗಿತ್ತು.

"ಮೇಡಂ, ನಮ್ಮ ತಂಗಿ ಮಗನೂ ಒಂದು ಆಲ್ಬಂ ಮಾಡ್ಯಾನ. ಐದನೇ ನಂಬರಿಗಾದ್ರೂ ಸೇರಸ್ರಿ."

"ಎಷ್ಟು ಹಾಡು ಅವ ಸರ್?"

"ಒಂದ. ಟ್ರ್ಯಾಕ್ಟರ್ ಮ್ಯಾಲ ನಿಂತು ಹಾಡ್ಯಾನ. ಟ್ರ್ಯಾಕ್ಟರ್ ಮನೀದ ಅದ, ಬಾಡಿಗೀದಲ್ಲ."

"ಸರ್, ಇದು ಸ್ಪರ್ಧೆ ಅಲ್ಲ. ನನಗ ಸೇರಿದ್ದನ್ನ ನಾನು ಬರೀತೀನಿ, ಅಷ್ಟ."

"ತಮಗ ಸೇರಿದ್ದಕ್ಕ ತಾವ ನಂಬರ್ ಕೊಡಾಕ ಬರ್ತದೇನ್ರಿ? ಕಮಿಟಿ ಅಂತ ಇರ್ತದಲ್ಲ?"

"ಕಮಿಟಿ ಇಲ್ಲ ಸರ್. ನಾನೊಬ್ಬಾಕೀನ."

ಅವರ ಮುಖ ಅರಳಿತು. "ನೀವೊಬ್ಬರ? ಹಂಗಾದ್ರ ಕೆಲಸ ಇನ್ನೂ ಸಸಾರ ಆತಲ್ಲ!"

ವಿವರಿಸಿ ವಿವರಿಸಿ ನನಗೇ ಗೊಂದಲವಾಗಿ, ನಿಜಕ್ಕೂ ಎಲ್ಲೋ ಒಂದು ಕಮಿಟಿ ಇರಬಹುದೇನೋ ಅನ್ನಿಸತೊಡಗಿತು. ಕೊನೆಗೆ ಸೋತು, "ಆಗಲಿ ಸರ್, ನಿಮ್ಮ ಹುಡುಗಂದು ನಾ ಕೇಳ್ತೀನಿ. ನೀವು ನನ್ನ ಪ್ರಥಮ ಸ್ಥಾನದ್ದು ಒಮ್ಮೆ ಪೂರ್ತಿ ಕೇಳ್ರಿ" ಎಂದು ಫೋನನ್ನು ಅವರ ಮುಂದಿಟ್ಟೆ.

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಮೂವತ್ತು ವರ್ಷದ ನೌಕರಿ ಬಾಯಿಂದ ತಾನಾಗಿಯೇ ಹೊರಬಂತು: "ಇಟ್ಟು ಹೋಗ್ರಿ, ನೋಡೂಣು."

ಭಜನಾ ಮಂಡಳಿಯ ತಕರಾರು

ಗುಮಾಸ್ತರು ಸುಮ್ಮನಿರಲಿಲ್ಲ. ತಮ್ಮೂರಿನಲ್ಲಿ, ನಮ್ಮ ಮೇಡಂ ಜಿಲ್ಲೆಗೇ ತೀರ್ಪುಗಾರರು ಎಂದು ಹೇಳಿಬಿಟ್ಟರು. ಆ ಊರಿನಲ್ಲಿ ಹಳೆಯದೊಂದು ಭಜನಾ ಮಂಡಳಿ ಇದೆ. ಮುಂದಿನ ರವಿವಾರ ಮುಂಜಾನೆ ಮೂರು ಗಾಲಿಯ ಒಂದು ಟಂಟಂ ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ಹಾರ್ಮೋನಿಯಂ ಪೇಟಿ, ತಬಲಾ, ತಾಳ ಸಮೇತ ಆರು ಜನ ಇಳಿದರು. ಎಲ್ಲರಿಗಿಂತ ಮುಂದೆ ಬಿಳಿ ಟೊಪ್ಪಿಗೆ ಹಾಕಿ ಶಲ್ಯ ಹೊದ್ದ ಮಾಸ್ತರರು.

ಚಾಪೆ ಹಾಸಿದೆ. ಮಾಸ್ತರರು ಕೂತವರೇ ಕೇಳಿದರು: "ನಮ್ಮದೇನು ತಪ್ಪಾಗಿತ್ರಿ ಮೇಡಮ್ಮಾರ? ಅಪ್ಪನ ಕಾಲದಿಂದ ತತ್ವಪದ ಹಾಡ್ಕೋತ ಬಂದೀವಿ. ತತ್ವಪದಕ್ಕ ಪ್ರಥಮ ಸ್ಥಾನ ಯಾರಿಗೋ ಹೋತು, ನಮಗ ಸುದ್ದಿನೂ ಇಲ್ಲ."

"ಅಜ್ಜಾರ, ಸ್ಪರ್ಧಾನ ಆಗಿಲ್ರಿ."

"ಸ್ಪರ್ಧಾ ಆಗಲಾರದ ಪ್ರಥಮ ಸ್ಥಾನ ಹೆಂಗ ಬರತೈತ್ರಿ?"

ಫೋನಿನಲ್ಲಿದ್ದ ಪಟ್ಟಿ ತೋರಿಸಿದೆ. ಅವರು 'ಪ್ರಥಮ ಸ್ಥಾನ' ಎಂದಿದ್ದಲ್ಲಿ ಬೆರಳಿಟ್ಟರು.

"ಆಗಲಿ, ಮೊದಲು ನಮ್ಮದು ಕೇಳ್ರಿ" ಎಂದು ಪೇಟಿ ತೆರೆದು ಎರಡು ಪದ ಹಾಡಿದರು. ಚೆನ್ನಾಗಿಯೇ ಹಾಡಿದರು. ನಮ್ಮ ಕಿಟಕಿಯ ಗಾಜು ಅದುರಿತು. ನನ್ನ ಗಂಡ ಒಳಗಿನ ಕೋಣೆಯಿಂದ ಎದ್ದು ಬಂದು ಹೊಸ್ತಿಲ ಮೇಲೆ ನಿಂತರು. ಎರಡು ಮುಗಿಸಿ ಮಾಸ್ತರರು ಬೆವರು ಒರೆಸಿಕೊಂಡರು. "ಈಗ ಆಕಿದು ಹಚ್ರಿ. ನಮ್ಮನ್ನ ಸೋಲಿಸಿದಾಕಿ ಹೆಂಗ ಹಾಡ್ಯಾಳ, ಕೇಳೂಣು."

ಫೋನ್ ತಂದೆ. ಸ್ಪೀಕರಿಗೆ ಜೋಡಿಸಿ ಹಚ್ಚಿದೆ.

ಮೊದಲ ಹಾಡಿಗೆ ಮಾಸ್ತರರು ಕಣ್ಣು ಮುಚ್ಚಿದರು. ಅವರು ಮುಚ್ಚಿದ್ದು ನೋಡಿ ಉಳಿದ ಐವರೂ ಮುಚ್ಚಿದರು. ಮೂರನೆಯದು ಹೋಯಿತು, ಐದನೆಯದು ಹೋಯಿತು. ನಾನು ಚಹಾ ತಂದಿಟ್ಟೆ, ಯಾರೂ ಮುಟ್ಟಲಿಲ್ಲ. ತಬಲಾದವರು ತೊಡೆಯ ಮೇಲೆ ಬೆರಳಾಡಿಸುತ್ತಿದ್ದವರು ಆರನೆಯದಕ್ಕೆ ಅದನ್ನೂ ನಿಲ್ಲಿಸಿದರು. ನನ್ನ ಗಂಡ ಹೊಸ್ತಿಲ ಮೇಲೇ ಕುಕ್ಕರಿಸಿದರು, ಗೊರಕೆಯಿಲ್ಲ. ಒಂಬತ್ತನೆಯದು ಮುಗಿದಾಗ ಮಾಸ್ತರರ ಕೆನ್ನೆ ಒದ್ದೆಯಾಗಿತ್ತು.

ಕೊನೆಗೂ ಆಯಿತು. ಒಬ್ಬರಲ್ಲ, ಆರು ಜನ. ಗಂಡನನ್ನು ಸೇರಿಸಿದರೆ ಏಳು. ನನಗೆ ಅಳುವೇ ಬಂತು, ಅತ್ತುಬಿಟ್ಟೆ.

"ಏನ್ ಹಾಡ್ಯಾಳ್ರಿ ಹುಡುಗಿ! ಜೀವ ಹಿಂಡಿಬಿಟ್ಳು" ಎಂದರು ಮಾಸ್ತರರು. ನಾನು ಕೈ ಮುಗಿದೆ. ಅವರು ಶಲ್ಯದಿಂದ ಕಣ್ಣು ಒರೆಸಿಕೊಂಡು, ತಾಳದವರ ಕಡೆ ತಿರುಗಿ ಕೇಳಿದರು: "ಎಷ್ಟು ಪದ ಆದ್ವೋ?"

"ಒಂಬತ್ತ್ರಿ."

"ಹಾಂ. ಹಂಗಾದ್ರ ನಮ್ಮದೊಂದು ತಕರಾರು ಐತ್ರಿ ಮೇಡಮ್ಮಾರ. ಯಾವ ಊರಿನ ಸ್ಪರ್ಧಾಕ್ಕ ಹೋದ್ರೂ ಒಂದು ಮಂಡಳಿಗಿ ಎರಡ ಪದ. ಈಕಿ ಒಂಬತ್ತು ಹಾಡ್ಯಾಳ. ಒಂಬತ್ತು ಹಾಡಾಕ ಬಿಟ್ರ ಯಾರಿದ್ರೂ ಅಳಸ್ತಾರ."

ನೀವಾದರೂ ಹೇಳಿ ಅಂತ ಗಂಡನ ಮುಖ ನೋಡಿದೆ. ಹನ್ನೊಂದು ವರ್ಷದ ಸಂಸಾರದಲ್ಲಿ ಸಂಗೀತವನ್ನು ಶಬ್ದ ಎಂದೇ ಕರೆದ ಮನುಷ್ಯ ಹೊಸ್ತಿಲಿನಿಂದ ತೀರ್ಪು ಕೊಟ್ಟರು: "ಅವರು ಅನ್ನೂದು ಖರೇ ಅದ."

"ನೋಡ್ರಿ, ಯಜಮಾನ್ರೂ ಒಪ್ಯಾರ" ಎಂದು ಮಾಸ್ತರರು ಪೇಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು. "ನಮ್ಮವು ಇನ್ನ ಏಳು ಪದ ಬಾಕಿ ಅವ."

ತಬಲಾದ ಮೇಲೆ ಪೆಟ್ಟು ಬಿತ್ತು. ನಾನು ಅನ್ನಕ್ಕಿಡುವ ನೆಪ ಮಾಡಿ ಮೆಲ್ಲಗೆ ಮೇಲೇಳಲು ನೋಡಿದೆ. ಗಂಡ ಆಗಲೇ ಚಪ್ಪಲಿಗೆ ಕಾಲು ಹಾಕಿದ್ದರು. ಮಾಸ್ತರರು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ನಡುವ ಏಳಬ್ಯಾಡ್ರಿ ಮೇಡಮ್ಮಾರ. ನಾವು ಎದ್ದೇವೇನ್ರಿ?"