ಅಕ್ಷರ ಕೊಟ್ಟವರಿಗೂ ಒಂದು ಮದುವೆ ಪತ್ರಿಕೆ

ಸಿದ್ಧಾಂತಕ್ಕೆ ಮರುಳಾದವನನ್ನು ಊರು ಹೇಗೋ ಸಹಿಸಿಕೊಳ್ಳುತ್ತದೆ, ಮನೆಯವರಿಗೆ ಕಷ್ಟ. ನಾನು ಮರುಳಾದದ್ದು ಮುಕ್ತ ತಂತ್ರಾಂಶಕ್ಕೆ. ತಮಿಳುನಾಡಿನ ಕಡಯಂಪಟ್ಟಿಯ ಹತ್ತಿರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಪ್ರೋಗ್ರಾಂ ಬರೆದವರು ಅದರ ಒಳಗುಟ್ಟನ್ನು ಬಿಚ್ಚಿಡಬೇಕು, ಯಾರು ಬೇಕಾದರೂ ಅದನ್ನು ಬಳಸಿ, ತಿದ್ದಿ, ಹಂಚುವಂತಿರಬೇಕು ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಉಪದೇಶಿಸಿದ್ದೇನೆ. "ಓ, ಇಲವಸಮಾ ಸಾರ್?" ಎನ್ನುತ್ತಾರೆ, ಪುಕ್ಕಟೆಯೇ ಎಂದು. ಸರ್ಕಾರ ಮಿಕ್ಸಿ, ಫ್ಯಾನುಗಳನ್ನು ಪುಕ್ಕಟೆ ಹಂಚಿದ ಸೀಮೆ ನಮ್ಮದು. ಪುಕ್ಕಟೆ ಬೇರೆ, ಸ್ವಾತಂತ್ರ್ಯ ಬೇರೆ ಎಂದು ವಿವರಿಸುವಷ್ಟರಲ್ಲಿ ಅವರ ಸ್ಟಾಪು ಬಂದಿರುತ್ತದೆ.

ನನ್ನ ಹೆಂಡತಿ ಶಿವಕಾಮಿಗೆ ನಂಗವಳ್ಳಿಯಲ್ಲಿ ಮದುವೆ ಪತ್ರಿಕೆ ಮಾಡಿಕೊಡುವ ಅಂಗಡಿ ಇದೆ. "ನಿಮ್ ಸುದಂದಿರಂ ಎಲ್ಲಾ ಕಾಲೇಜ್ ಗೇಟ್ ಒಳ್ಗೇ ಇರ್ಲಿ, ನನ್ ಕಂಪ್ಯೂಟರ್ ಮುಟ್ಬ್ಯಾಡಿ" ಎಂದು ಆಕೆ ನನ್ನ ಸ್ವಾತಂತ್ರ್ಯದ ಬಗ್ಗೆ ಮೊದಲೇ ಕಟ್ಟಪ್ಪಣೆ ಮಾಡಿದ್ದಳು.

ಅವಳ ತಮ್ಮನಿಗೆ ಮದುವೆ ಗೊತ್ತಾಯಿತು. ಆಗ ಪೆನ್ನಾಗರಂನಲ್ಲಿ ಕುರಿ ಸಾಕಿಕೊಂಡಿರುವ ಅವಳ ಅಜ್ಜಿ ಮಾದಮ್ಮ ಒಂದು ಹಟ ಹಿಡಿದರು. ಪತ್ರಿಕೆ ತಮಿಳಿನಲ್ಲಿದ್ದರೂ ತಲೆಯ ಮೇಲಿನ ದೇವರ ಸಾಲು, 'ಶ್ರೀ ಮಾದೇಶ್ವರ ಪ್ರಸನ್ನ', ಕನ್ನಡದಲ್ಲೇ ಇರಬೇಕು.

"ನಿಂಗೆ ಓದಾಕೇ ಬರಾಕಿಲ್ವಲ್ಲಜ್ಜಿ" ಎಂದಳು ಶಿವಕಾಮಿ.

"ನಂಗೆ ಬರ್ದಿದ್ರೇನು, ಮಾದೇಸ್ವರನ್ಗೆ ಬತ್ತದೆ."

ಅಂಗಡಿಯ ಹಳೆಯ ಪ್ರೋಗ್ರಾಂನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳು ಸಂತೆಯಲ್ಲಿ ಅಮ್ಮನ ಕೈಬಿಟ್ಟ ಮಕ್ಕಳಂತೆ ದೂರ ದೂರ ನಿಂತವು. ಎರಡು ದಿನ ಗುದ್ದಾಡಿದ ಮೇಲೆ ಶಿವಕಾಮಿ ನನ್ನತ್ತ ನೋಡದೆಯೇ ಕೇಳಿದಳು: "ಏನ್ರೀ, ನಿಮ್ದ್ರಾಗೆ ಆಗ್ತೈತಾ?"

ಇಂಥ ಗಳಿಗೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಮುಕ್ತ ಪ್ರೋಗ್ರಾಂ ಹಾಕಿ, ಯಾರೋ ಪುಣ್ಯಾತ್ಮರು ಎಲ್ಲರಿಗಾಗಿ ಬಿಟ್ಟಿದ್ದ ಕನ್ನಡ ಫಾಂಟ್ ಇಳಿಸಿಕೊಂಡೆ. ಮನೆಮಾತು ಕನ್ನಡವಾದರೂ ಮನೆಯವರೆಲ್ಲ ತಮಿಳಿನಲ್ಲಿ ಓದಿದವರು. ಕನ್ನಡ ಅಕ್ಷರಗಳನ್ನು ಸ್ವಂತವಾಗಿ ಕಲಿತ ಏಕೈಕ ಪಂಡಿತನಾದ್ದರಿಂದ ಟೈಪ್ ಮಾಡಿದವನೂ ನಾನೇ, ತಿದ್ದುಪಡಿ ನೋಡಿದವನೂ ನಾನೇ. 'ಶ್ರೀ'ಯ ಒತ್ತು ಅದರ ಜಾಗದಲ್ಲೇ ಕೂತಿತು, 'ಶ್ವ'ದ ಒತ್ತೂ ಅಲುಗಲಿಲ್ಲ. "ಚೆನ್ನಾಗೈತೆ" ಎಂದಳು ಶಿವಕಾಮಿ. ಅವಳ ಬಾಯಲ್ಲಿ ಅದು ಪ್ರಶಸ್ತಿ.

ಪತ್ರಿಕೆ ಅಚ್ಚಾಗಿ ಊರೂರಿಗೆ ಹಂಚಿಯಾಯಿತು. ಅಜ್ಜಿ ತಮ್ಮ ಪ್ರತಿಯ ಮೇಲೆ ಬೆರಳಾಡಿಸುತ್ತ, "ಯಾರ್ ಬರ್ದಿದ್ದು ಅಳಿಯಾ ಈ ಅಕ್ಸರ?" ಎಂದರು. ನಾನು ಬಿಡುತ್ತೇನೆಯೇ? ಯಾರೋ ಕೂತು ಒಂದೊಂದೇ ಅಕ್ಷರ ಬರೆದು, ಏನೂ ಕೇಳದೆ ಊರಿಗೆಲ್ಲ ಕೊಟ್ಟಿದ್ದಾರೆ ಎಂದು ಭಾಷಣವನ್ನೇ ಮಾಡಿದೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಬಸ್ಸಿನಲ್ಲಿ ಯಾರೂ ಅಷ್ಟು ಕೇಳಿದವರಲ್ಲ. "ಅಂಗಾದ್ರೆ ಅವ್ರಿಗೆ ಪತ್ರಿಕೈ ಕೊಟ್ಯಾ? ನಮ್ ಮದ್ವೇಗೆ ಅಷ್ಟ್ ಮಾಡವ್ರೆ, ಕರೀದಿದ್ರೆ ಮರ್ಯಾದೆನಾ?"

ನನಗೆ ಆ ಪುಣ್ಯಾತ್ಮರ ಹೆಸರೇ ಗೊತ್ತಿರಲಿಲ್ಲ. ಇಷ್ಟು ವರ್ಷ ಪ್ರಚಾರ ಮಾಡಿದವನು ಒಬ್ಬರಿಗೂ ಒಂದು ಸಾಲಿನ ಕೃತಜ್ಞತೆ ಬರೆದವನಲ್ಲ. ಫಾಂಟಿನ ಜೊತೆಗಿದ್ದ ಕಡತದಲ್ಲಿ ವಿಳಾಸ ಹುಡುಕಿ, ಪತ್ರಿಕೆಯ ಚಿತ್ರವನ್ನೂ ಅಜ್ಜಿಯ ಕರೆಯನ್ನೂ ಮೇಲ್ ಮಾಡಿದೆ.

ಮಾರನೆಯ ದಿನವೇ ಉತ್ತರ ಬಂತು. ತುಂಬಾ ಸಂತೋಷವಾಯಿತು, ಅಜ್ಜಿಗೆ ನಮಸ್ಕಾರ ತಿಳಿಸಿ ಎಂದು ಬರೆದು, ಕೊನೆಗೆ ಸಂಕೋಚದಿಂದಲೇ ಕೇಳಿದ್ದರು: "ಚಿತ್ರದಲ್ಲಿ 'ಪ್ರಸನ್ನ' ಎಂಬುದು 'ಪ್ರಸನ' ಎಂದು ಕಾಣುತ್ತಿದೆ. ನನ್ನ ಫಾಂಟಿನಲ್ಲಿ ಒತ್ತು ಬಿಟ್ಟುಹೋಗುತ್ತಿದೆಯೇ? ದಯವಿಟ್ಟು ತಿಳಿಸಿ, ಕೂಡಲೇ ಸರಿಪಡಿಸುತ್ತೇನೆ."

ನಾನು ಟೈಪ್ ಮಾಡಿದ್ದನ್ನು ತೆರೆದು ನೋಡಿದೆ, ಅಲ್ಲೇ ಒತ್ತು ಇರಲಿಲ್ಲ. ಉತ್ತರಿಸಿದೆ: "ಫಾಂಟಿನಲ್ಲಿ ದೋಷವಿಲ್ಲ. ಪಂಡಿತನಲ್ಲಿ ಇದೆ. ಅದನ್ನು ಯಾರು ಬೇಕಾದರೂ ತಿದ್ದಬಹುದು."