ಚಿಕ್ಕವ್ವನ ದೋಣಿಗೊಂದು ಸಂಡಾಸು

ನಮ್ಮ ಚಿಕ್ಕವ್ವ ಸಂಡಾಸಿನ ಬಗ್ಗೆ ಆಡಿದಷ್ಟು ಮಾತನ್ನು ಬೇರೆ ಯಾರಾದರೂ ದೇವರ ಬಗ್ಗೆ ಆಡಿದ್ದರೆ, ಇಷ್ಟೊತ್ತಿಗೆ ಜನ ಅವರಿಗೊಂದು ಮಠ ಕಟ್ಟಿ ಪಲ್ಲಕ್ಕಿ ಹೊರುತ್ತಿದ್ದರು! ಆಕೆ ಹೋಗಿ ಎರಡು ವರ್ಷವಾಯಿತು. ಕಿವಿ ಹಿಂಡುವವರಿಲ್ಲ ಎಂಬ ಧೈರ್ಯದ ಮೇಲೆ ಇದನ್ನೆಲ್ಲ ಬರೆಯುತ್ತಿದ್ದೇನೆ.

ಚಿಕ್ಕವ್ವ ಎಂದರೆ ನಮ್ಮ ಅವ್ವನ ತಂಗಿ. ಮದುವೆಯಾಗಲಿಲ್ಲ. ಸರಕಾರಿ ನರ್ಸು. ಮೂವತ್ತೆರಡು ವರ್ಷ ಹಾನಗಲ್ ತಾಲೂಕಿನ ಹಳ್ಳಿಗಳನ್ನು ತಿರುಗಿ ಹೆರಿಗೆ ಮಾಡಿಸಿದಳು, ಕೂಸುಗಳಿಗೆ ಸೂಜಿ ಚುಚ್ಚಿದಳು, ಹೋದಲ್ಲೆಲ್ಲ "ಸಂಡಾಸ ಕಟ್ಟಿಸ್ರಿ" ಎಂದು ಜನರ ಪ್ರಾಣ ತಿಂದಳು. ಮದುವೆ ಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಪಕ್ಕದ ಎಲೆಯವರನ್ನು, "ನಿಮ್ಮ ಮನ್ಯಾಗ ಗುಂಡಿ ಎಷ್ಟು ಅಡಿ ತೋಡಿಸೀರಿ?" ಎಂದು ಕೇಳುತ್ತಿದ್ದಳು. ನಮ್ಮ ಬಳಗದಲ್ಲಿ ಆಕೆಯ ಅಕ್ಕಪಕ್ಕದ ಎಲೆಗಳು ಯಾವಾಗಲೂ ಖಾಲಿ ಇರುತ್ತಿದ್ದವು ಎಂಬುದನ್ನು ಬೇರೆ ಹೇಳಬೇಕೆ?

ಇಂಥವಳು ನಿವೃತ್ತಿಯಾದ ಮೇಲೆ ಏನು ಮಾಡಿದಳು ಅಂತೀರಿ? ದೋಣಿಯಲ್ಲಿ ಸಂಸಾರ ಹೂಡುತ್ತೇನೆ ಅಂದಳು! ಅದೂ ಎಲ್ಲಿ? ಕಾಶ್ಮೀರದಲ್ಲಲ್ಲ. ಹಾನಗಲ್ಲಿನ ಭತ್ತದ ಗದ್ದೆಗಳಿಗೆ ನೀರುಣಿಸುವ ಕಾಲುವೆಯಲ್ಲಿ!

ತಪ್ಪು ನನ್ನ ಮಗಳದು. ಶಿಗ್ಗಾಂವಿಯ ನಮ್ಮ ಮನೆಗೆ ಚಿಕ್ಕವ್ವ ಬಂದಿದ್ದಾಗ ಮೊಬೈಲಿನಲ್ಲಿ ಯಾವುದೋ ದೇಶದ ಕಾಲುವೆಯ ವಿಡಿಯೋ ತೋರಿಸಿಬಿಟ್ಟಳು. ಉದ್ದುದ್ದ ದೋಣಿಗಳು, ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ, ಮಾಳಿಗೆಯ ಮೇಲೆ ಹೂವಿನ ಕುಂಡ. ಚಿಕ್ಕವ್ವ ಅದನ್ನು ಮೂರು ಸಲ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಯಾವುದೆಂದು ನಿಮಗೆ ಗೊತ್ತು.

"ಇವರೆಲ್ಲಾ ಎಲ್ಲಿಗೆ ಹೋಗ್ತಾರ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನನ್ನ ಒಂದು ಬೇಸಿಗೆ ಕಳೆಯಿತು. ನನಗೆ ಶಿಗ್ಗಾಂವಿಯಲ್ಲಿ ಝೆರಾಕ್ಸ್ ಅಂಗಡಿ ಇದೆ, ಒಂದು ಸ್ಕೂಟರೂ ಇದೆ. ಚಿಕ್ಕವ್ವನ ಕಣ್ಣಿಗೆ ಬಿದ್ದದ್ದು ಸ್ಕೂಟರು ಮಾತ್ರ.

ದೋಣಿಯೇನೋ ಸುಲಭವಾಗಿ ಸಿಕ್ಕಿತು. ಸವಣೂರಿನಲ್ಲಿ ಖಾದರಸಾಬ ಎಂಬ ವೆಲ್ಡಿಂಗ್ ಕೆಲಸದವರಿದ್ದರು. ಯಾರೋ ಮೀನಿನ ಗುತ್ತಿಗೆದಾರ ಹೇಳಿ ಮಾಡಿಸಿ, ಆಮೇಲೆ ಇತ್ತ ತಲೆಯನ್ನೇ ಹಾಕದ ಕಬ್ಬಿಣದ ದೋಣಿಯೊಂದು ಅವರ ಅಂಗಡಿಯ ಮುಂದೆ ಬೋರಲು ಬಿದ್ದಿತ್ತು. ಅದರ ಕೆಳಗೆ ಅವರ ಕೋಳಿಗಳು ಸುಖವಾಗಿದ್ದವು.

"ಖಾದರಸಾಬ, ಈ ದೋಣಿ ನನಗ ಕೊಡ್ರಿ. ನಾ ಇದರಾಗ ಇರ್ತೇನಿ."

"ನರ್ಸಬಾಯಿ, ಮನಿ ಏನಾತ್ರಿ?"

"ಮನಿ ಅಲ್ಲೇ ಐತಿ. ಅದು ನಡಿಯಂಗಿಲ್ಲ."

ಖಾದರಸಾಬರು ಒಪ್ಪಿಬಿಟ್ಟರು. ಅವರ ಹೆಂಡತಿಯ ತವರು ಹಾನಗಲ್ ಕಡೆ; ಮೂರೂ ಮಕ್ಕಳ ಹೆರಿಗೆಯನ್ನು ಚಿಕ್ಕವ್ವನೇ ಮಾಡಿಸಿದ್ದಳು. ಆಕೆಗೆ ಇಲ್ಲ ಎನ್ನಬಹುದಾದ ಗಂಡಸರೆಲ್ಲರ ಮನೆಯಲ್ಲೂ ಇಂಥದೊಂದು ಋಣ ಇದ್ದೇ ಇರುತ್ತಿತ್ತು. ಕಾಲುವೆಯ ಗೇಟು ನೋಡಿಕೊಳ್ಳುವವನಂತೂ ಆಕೆಯ ಕೈಯಲ್ಲೇ ಹುಟ್ಟಿದವನು. ಎರಡು ಗೇಟುಗಳ ನಡುವಿನ ನಾಲ್ಕೈದು ಮೈಲಿಯಲ್ಲಿ ದೋಣಿ ಬಿಡಲು ಒಪ್ಪಿ, ಒಂದು ಷರತ್ತು ಹಾಕಿದ.

"ನೀರಾಗ ಒಂದು ಹನಿ ಹೊಲಸು ಬಿದ್ದರ ಅವತ್ತ ದೋಣಿ ದಂಡಿಗೆ ಎಳಸ್ತೇನ್ರಿ ಬಾಯಿ. ಕೆಳಗಿನ ಊರಾಗ ದನಾ ಕುಡೀತಾವ, ಹೆಣ್ಮಕ್ಕಳು ಅರಿವಿ ಒಗೀತಾರ."

"ಹುಟ್ಟಿದ ದಿನಾ ನನ್ನ ಸೀರೀ ಮ್ಯಾಲೆ ಹೊಲಸು ಮಾಡಿದಾಂವ ನೀನು! ನನಗ ಹೇಳಾಕ ಬಂದಿ?" ಎಂದು ಚಿಕ್ಕವ್ವ ಗದರಿದಳು. ಆದರೆ ದಾರಿಯಲ್ಲಿ ನನಗೆ ಹೇಳಿದಳು, "ಶಾಣ್ಯಾ ಅದಾನ. ಅಂವ ಹೇಳಿದ್ದು ಖರೇ ಐತಿ."

ಯಾಕೆ ಈ ದೋಣಿಯ ಹುಚ್ಚು ಎಂದು ನಾನು ಕೇಳದೆ ಇರಲಿಲ್ಲ. ನೌಕರಿಯ ಕಾಲದಲ್ಲಿ ಅದೇ ಕಾಲುವೆಯ ಏರಿಯ ಮೇಲೆ ಆಕೆ ಸಾವಿರ ಸಲ ನಡೆದಿದ್ದಳು. ಮಗ್ಗುಲಲ್ಲೇ ನೀರು ಆರಾಮವಾಗಿ ಹೋಗುತ್ತಿತ್ತು, ಈಕೆ ಕೆಸರಿನಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತ ಹೋಗುತ್ತಿದ್ದಳು. "ಒಂದು ಸಲಾ ನಾನೂ ಆರಾಮ ಹೋಗಬೇಕು. ಊರೂರಿಗೆ ನಿಂತು, ನಾ ಹೆರಿಗಿ ಮಾಡಿಸಿದ ಹುಡುಗೂರು ಎಷ್ಟೆತ್ತರ ಆಗ್ಯಾರ ನೋಡಬೇಕು. ಅಷ್ಟ." ಇದಕ್ಕೆ ಬೇಡ ಅನ್ನುವುದು ಹೇಗೆ?

ಖಾದರಸಾಬರು ಕೋಳಿಗಳಿಗೆ ಬೇರೆ ವ್ಯವಸ್ಥೆ ಮಾಡಿ ದೋಣಿ ಎತ್ತಿದರು. ತಗಡಿನ ಮಾಳಿಗೆ ಬಂತು, ಮಂಚ ಬಂತು, ಮೂಲೆಯಲ್ಲಿ ಪರದೆ ಕಟ್ಟಿದ ಚೌಕ ಜಾಗ ಬಂತು. ಉಳಿದದ್ದು ಆ ಚೌಕದೊಳಗೆ ಏನಿಡಬೇಕು ಎಂಬ ಮಹಾಪ್ರಶ್ನೆ.

ಮೊದಲ ಯೋಜನೆ ಖಾದರಸಾಬರದು. ಮನೆಯಲ್ಲಿ ಇರುವಂಥದೇ ನೀರು ಸುರಿಯುವ ಪಾಟು, ಕೆಳಗೊಂದು ದೊಡ್ಡ ಟಾಕಿ, ತುಂಬಿದಾಗ ಹೀರುವ ಲಾರಿ ಕರೆಸುವುದು. ಟಾಕಿಯನ್ನು ಎಡಮಗ್ಗುಲಿಗೆ ಕೂರಿಸಿ, ಒಂದು ಕೃಷಿಹೊಂಡದಲ್ಲಿ ದೋಣಿ ಇಳಿಸಿ, ಪರೀಕ್ಷೆಗೆಂದು ಕೊಡಗಟ್ಟಲೆ ನೀರು ಸುರಿದೆವು. ಅರ್ಧ ತುಂಬುವುದರೊಳಗೆ ದೋಣಿ ಎಡಕ್ಕೆ ವಾಲಿತು. ಮುಕ್ಕಾಲಾದಾಗ ಮಂಚ ತಾನೇ ನಡೆದು ಸಂಡಾಸಿನ ಪರದೆ ಮುಟ್ಟಿತು!

"ಬಾಯಿ, ಹೆದರಬ್ಯಾಡ್ರಿ. ನೀವು ಎಡಕ್ಕ ಎಷ್ಟು ಕಳಸ್ತೀರಿ, ಬಲಕ್ಕ ಅಷ್ಟು ಅಕ್ಕಿ ಚೀಲಾ ಇಟ್ಟರಾತು," ಅಂದರು ಖಾದರಸಾಬರು.

"ಅಂದ್ರ ನಾ ದಿನಾ ತೂಕ ಮಾಡಿ ಹೋಗಬೇಕೇನು?"

ಆ ಯೋಜನೆ ಅಲ್ಲಿಗೆ ಮುಳುಗಿತು. ಪುಣ್ಯಕ್ಕೆ ದೋಣಿ ಮುಳುಗಲಿಲ್ಲ.

ಎರಡನೆಯದಕ್ಕಾಗಿ ಹಿರೇಕೆರೂರಿಗೆ ಹೋದೆವು. ಅಲ್ಲೊಬ್ಬ ಹಿರಿಯರು ತಮ್ಮ ವ್ಯಾನಿನಲ್ಲಿ ದೇಶ ಸುತ್ತಿ ಬಂದಿದ್ದರು. ಅವರ ಹತ್ತಿರ ಪೆಟ್ಟಿಗೆಯಂಥ ಸಂಡಾಸು ಒಂದಿತ್ತು. ಮೇಲೆ ಕೂರುವುದು, ಕೆಳಗಿನ ಅರೆಯನ್ನು ಹಿಡಿಕೆ ಹಿಡಿದು ಎಳೆದು, ಸೂಟ್‌ಕೇಸಿನಂತೆ ಒಯ್ದು ಎಲ್ಲಾದರೂ ಸಂಡಾಸಿದ್ದಲ್ಲಿ ಖಾಲಿ ಮಾಡುವುದು. ಅವರು ಅದನ್ನು ತೊಳೆದು, ಒಣಗಿಸಿ, ನೋಡಿ ಹೇಳಿ ಎಂದು ಕೊಟ್ಟರು. ಅವತ್ತು ಸ್ಕೂಟರ್ ಕೆಟ್ಟಿದ್ದರಿಂದ ಬಸ್ಸಿನಲ್ಲೇ ಬಂದಿದ್ದೆವು. ಬಸ್ಸಿನಲ್ಲೇ ತಂದೆವು.

ಬಸ್ಸು ಕಿಕ್ಕಿರಿದಿತ್ತು. ಅಷ್ಟರಲ್ಲಿ ಒಬ್ಬ ಗಟ್ಟಿ ಮೈಕಟ್ಟಿನ ಹೆಂಗಸು ಅತ್ತಿತ್ತ ನೋಡಿ, "ಇದರ ಮ್ಯಾಲೆ ಕುಂದ್ರಲೇನ್ರಿ ಅಕ್ಕಾರ?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕವ್ವ, "ಕುಂದರವಾ, ಕುಂದ್ರು. ಅದಕ್ಕಂತಾನ ಐತಿ," ಅಂದಳು! ಹಾನಗಲ್ ಬರುವ ತನಕ ಆ ತಾಯಿ ಅದರ ಮೇಲೆ ಕೂತು ಶೇಂಗಾ ತಿಂದಳು. ಇಳಿಯುವಾಗ ಚಿಕ್ಕವ್ವ ಕೇಳಿದಳು.

"ಕುಂದ್ರಾಕ ಆರಾಮ ಅನಿಸ್ತೇನವಾ?"

"ಭಾಳ ಆರಾಮ ಆತ್ರಿ. ಏನೈತ್ರಿ ಇದರಾಗ?"

"ಸದ್ಯ ಏನೂ ಇಲ್ಲ," ಅಂದಳು ಚಿಕ್ಕವ್ವ.

ಕೂರುವ ಪರೀಕ್ಷೆಯಲ್ಲಿ ಪಾಸಾದ ಪೆಟ್ಟಿಗೆ ಒಯ್ಯುವ ಪರೀಕ್ಷೆಯಲ್ಲಿ ನಪಾಸಾಯಿತು. ಎರಡು ದಿನಕ್ಕೊಮ್ಮೆ ಅದನ್ನು ಹಿಡಿದುಕೊಂಡು ಊರೊಳಗೆ ಬರಬೇಕಲ್ಲ! "ಮದುವಿನ ಆಗದಾಕಿ ಸೂಟ್‌ಕೇಸ್ ಹಿಡ್ಕೊಂಡು ಓಡ್ಯಾಡಿದರ ಜನಾ ಏನಂತಾರ? ಈ ವಯಸ್ಸಿನ್ಯಾಗ ಯಾರ ಜೋಡೀನೋ ಓಡಿಹೊಂಟಾಳ ಅಂತಾರ!" ಪೆಟ್ಟಿಗೆ ಹಿರೇಕೆರೂರಿಗೆ ಮರಳಿತು. ಈ ಸಲ ನಾನು ಸ್ಕೂಟರಿನಲ್ಲೇ ಒಯ್ದೆ.

ಮೂರನೆಯದು ಚಿಕ್ಕವ್ವನದೇ ವಿಚಾರ. ನೀರೇ ಬೇಡ. ಒಂದಕ್ಕೆ ಹೋದದ್ದನ್ನು ಮುಂದಿನ ಡಬ್ಬಿಯಲ್ಲಿ, ಎರಡಕ್ಕೆ ಹೋದದ್ದನ್ನು ಹಿಂದಿನ ಪೆಟ್ಟಿಗೆಯಲ್ಲಿ ಬೇರೆ ಬೇರೆ ಹಿಡಿದು, ಹಿಂದಿನದರ ಮೇಲೆ ಒಂದು ಮೊಗೆ ಬೂದಿ ಹಾಕುವುದು. ಒಣಗಿದರೆ ವಾಸನೆಯಿಲ್ಲ, ನಾಳೆ ಗೊಬ್ಬರ. ಇದನ್ನು ಸವಣೂರಿನ ನಡುಬೀದಿಯಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಚಿತ್ರ ಬರೆದು ಖಾದರಸಾಬರಿಗೆ ವಿವರಿಸಿದಳು. ಸುತ್ತ ಇಪ್ಪತ್ತು ಜನ ಸೇರಿದರು. ಒಬ್ಬರು ಕಾರಂಜಿಯ ನಕ್ಷೆಯೇ ಎಂದು ಕೇಳಿದರು!

ಬೂದಿಗಾಗಿ ಬಂಕಾಪುರಕ್ಕೆ ಹೋದೆವು. ಲೋಕವೆಲ್ಲ ಅಲ್ಲಿಗೆ ನವಿಲು ನೋಡಲು ಹೋಗುತ್ತದೆ, ನಾವು ಮಂಡಕ್ಕಿ ಭಟ್ಟಿಯ ಬೂದಿ ನೋಡಲು ಹೋದೆವು. ಚಿಕ್ಕವ್ವ ಅದನ್ನು ಮುಷ್ಟಿಯಲ್ಲಿ ಹಿಡಿದು, ಮೂಸಿ, ಬೆರಳಲ್ಲಿ ತಿಕ್ಕಿ, "ಹೊಟ್ಟಿನ ಬೂದಿ, ಬೆಣ್ಣಿ ಇದ್ದಂಗ ಐತಿ," ಎಂದು ಮೆಚ್ಚಿದಳು. ಮೂರು ಚೀಲ ಹೇರಿಕೊಂಡು ಬರುವಾಗ ಒಂದು ಹರಿಯಿತು. ಶಿಗ್ಗಾಂವಿ ತಲುಪಿದ ನನ್ನನ್ನು ನೋಡಿ ನನ್ನ ಹೆಂಡತಿ, ಯಾರೋ ಸಾಧು ಬಂದಿದ್ದಾರೆಂದು ಒಳಗಿನಿಂದ ಜೋಳ ತಂದಳು!

ಇನ್ನು ವಾಸನೆಯ ಪರೀಕ್ಷೆ. ಚಿಕ್ಕವ್ವ ಹದಿನೈದು ದಿನ ಹಾನಗಲ್ಲಿನ ತನ್ನ ಮನೆಯಲ್ಲೇ ಅದನ್ನು ಬಳಸಿದಳು. ಅದೇ ಹೊತ್ತಿಗೆ ತಡಸದಿಂದ ನನ್ನ ಅತ್ತೆ, ಮಾವ ಆಕೆಯನ್ನು ಮಾತಾಡಿಸಲು ಹೋದರು. ಮಂಚದ ಮೇಲೆ ಕೂರಿಸಿ ಉಪ್ಪಿಟ್ಟು ಕೊಟ್ಟಳು, ಚಹಾ ಕೊಟ್ಟಳು, ಮಳೆ ಬೆಳೆ ಮಾತಾಡಿದಳು.

"ಏನರ ವಾಸನಿ ಬಂತೇನ್ರಿ?"

"ಛೇ ಛೇ, ಮನಿ ಎಷ್ಟು ಸ್ವಚ್ಛ ಇಟ್ಟೀರಿ ನೀವು!" ಅಂದರು ಅತ್ತೆ.

"ಹಂಗಾದ್ರ ಪಾಸಾತು! ನೀವು ಕುಂತ ಮಂಚದ ಬುಡಕ ಹದಿನೈದು ದಿನದ್ದು ಐತಿ ನೋಡ್ರಿ!"

ಮಾವನವರು ತಡಸದ ಬಸ್ಸು ಹಿಡಿಯಲು ಓಡಿದ ರೀತಿಯನ್ನು ಹಾನಗಲ್ಲಿನವರು ಇಂದಿಗೂ ನೆನೆಯುತ್ತಾರೆ.

ಕಡೆಗೂ ಮಳೆ ಹಿಡಿಯಿತು, ಕಾಲುವೆಗೆ ನೀರು ಬಿಟ್ಟರು. ನಾಟಿ ಮುಗಿದು ಪೈರು ಎದ್ದ ಮೇಲೆ ಒಂದು ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ದೋಣಿ ತಂದು ಇಳಿಸಿದೆವು. ಖಾದರಸಾಬರು ದುವಾ ಮಾಡಿದರು, ಗೇಟಿನವನು ತೆಂಗಿನಕಾಯಿ ಒಡೆದ. ನಾನು ಬಿದಿರ ಗಳ ಹಿಡಿದು ದೂಡುವವನು, ಚಿಕ್ಕವ್ವ ಕುರ್ಚಿ ಹಾಕಿಕೊಂಡು ಕೂರುವವಳು. ಮೊದಲ ದಿನ ಒಂದು ಮೈಲಿ ಹೋದೆವು. ಏರಿಯ ಮೇಲೆ ಹೊರಟಿದ್ದ ಎಮ್ಮೆಯೊಂದು ನಮ್ಮನ್ನು ಎರಡು ಸಲ ಹಿಂದೆ ಹಾಕಿತು, ನಡುವೆ ನಿಂತು ಮೇಯ್ದಿತ್ತು ಕೂಡ!

ಎರಡನೆಯ ದಿನ ಬೆಳಿಗ್ಗೆ ಒಂದು ದೊಡ್ಡ ಭತ್ತದ ಬಯಲಿನ ಮಗ್ಗುಲಲ್ಲಿ ಚಹಾ ಮಾಡಲು ದೋಣಿ ಕಟ್ಟಿದೆವು. ಹತ್ತು ಹನ್ನೆರಡು ಹೆಣ್ಣುಮಕ್ಕಳು ಕಳೆ ಕೀಳುತ್ತಿದ್ದರು. ಸುತ್ತ ಕಣ್ಣು ಹಾಯುವ ತನಕ ಮೊಣಕಾಲೆತ್ತರದ ಪೈರು, ನೀರು, ಆಕಾಶ. ಒಂದು ಗಿಡವಿಲ್ಲ, ಒಂದು ಗೋಡೆಯಿಲ್ಲ. ಬಸುರಿ ಹುಡುಗಿಯೊಬ್ಬಳು ಬದುವಿನ ಮೇಲೆ ನಡೆದು ಬಂದು ನಿಂತಳು.

"ಬಾಯೀ, ನಿಮ್ಮ ದೋಣ್ಯಾಗ ಸಂಡಾಸ ಐತಂತ, ಖರೇನ್ರಿ?"

ಚಿಕ್ಕವ್ವನಿಗೆ ಇಷ್ಟು ಸಾಲದೇ! ಬೂದಿಯಿಂದ ಹಿಡಿದು ಗೊಬ್ಬರದವರೆಗೆ ಭಾಷಣ ಶುರುವಾಯಿತು. ಹುಡುಗಿ ಎರಡು ಕಾಲನ್ನೂ ಜೋಡಿಸಿ ನಿಂತು ಕೇಳಿಸಿಕೊಂಡಳು. ಕೊನೆಗೆ ಮೆಲ್ಲಗೆ, "ಒಳಗ ಹೋಗಿ ನೋಡಿ ಬರ್ಲೇನ್ರಿ?" ಅಂದಳು.

ಚಿಕ್ಕವ್ವ ಅರ್ಧ ವಾಕ್ಯದಲ್ಲೇ ಮಾತು ನಿಲ್ಲಿಸಿದಳು. ಆಕೆ ಹಾಗೆ ಭಾಷಣ ನಿಲ್ಲಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಹೋಗವಾ. ಪರದಿ ಎಳಕೊ."

ಹುಡುಗಿ ಒಳಗೆ ಹೋಗಿ ಬಹಳ ಹೊತ್ತಾಯಿತು. "ಏನು ನೋಡಾಕತ್ತಾಳ ಚಿಕ್ಕವ್ವಾ, ಇಷ್ಟೊತ್ತು?" ಅಂದೆ.

"ಹುಚ್ಚ ಅದಿ ನೀನು. ಏರಿ ಹತ್ತಿ ಆ ಕಡೆ ಮಾರಿ ಮಾಡಿ ಕುಂದ್ರು."

ಕುಂತೆ. ಬೆನ್ನ ಹಿಂದೆ ದೋಣಿ ಅಲುಗುವ ಸದ್ದು, ಬಳೆಯ ಸದ್ದು. ಆ ಹುಡುಗಿ ಹೋದಳು, ಇನ್ನೊಬ್ಬಳು "ನೋಡಲು" ಬಂದಳು. ಆಮೇಲೆ ಮತ್ತೊಬ್ಬಳು. ಮಧ್ಯಾಹ್ನದೊಳಗೆ ಇಡೀ ಗದ್ದೆ ನಮ್ಮ ಸಂಡಾಸನ್ನು ನೋಡಿ ಹೋಗಿತ್ತು. ನಾನು ಹಗ್ಗ ಬಿಚ್ಚಲು ಹೋದೆ.

"ಬಿಚ್ಚಬ್ಯಾಡ," ಅಂದಳು ಚಿಕ್ಕವ್ವ. "ಕಳೆ ಮುಗಿಯೂತನಾ ಇಲ್ಲೇ ಇರೂಣು."

ದೋಣಿ ಅಲ್ಲಿಂದ ಮುಂದೆ ಒಂದು ಗೇಣೂ ಹೋಗಲಿಲ್ಲ. ಒಬ್ಬಳಿಗೆ ಹದಿನೈದು ದಿನ ಸಾಲುತ್ತಿದ್ದ ಪೆಟ್ಟಿಗೆ ಈಗ ಎರಡೇ ದಿನಕ್ಕೆ ತುಂಬತೊಡಗಿತು. ಖಾದರಸಾಬರಿಗೆ ಫೋನ್ ಮಾಡಿದೆ. ಮರುದಿನವೇ ಇನ್ನೆರಡು ಪೆಟ್ಟಿಗೆ ಮಾಡಿ ತಂದರು. ಏರಿಯ ಮೇಲೆ ನಿಂತು ಗದ್ದೆಯ ಕಡೆ ಒಮ್ಮೆ ನೋಡಿದರು. "ನಮ್ಮನಿಯಾಕೀನೂ ಮೊದಲ ಹೊಲದ ಕೆಲಸಕ್ಕ ಹೋಗತಿದ್ದಳು," ಎಂದಷ್ಟೇ ಹೇಳಿ ಬೂದಿ ಚೀಲ ಇಳಿಸತೊಡಗಿದರು.

ನಾಲ್ಕನೆಯ ದಿನ ಮಧ್ಯಾಹ್ನ ನನಗೆ ತಡೆಯಲಿಲ್ಲ. ಅಷ್ಟು ಊರು ನೋಡಬೇಕು ಅಂದವಳು ಎರಡನೇ ಮೈಲಿಗೇ ಕುಂತುಬಿಟ್ಟಳಲ್ಲ!

"ಅಲ್ಲ ಚಿಕ್ಕವ್ವಾ, ನಿನ್ನ ಕೈಯಾಗ ಹುಟ್ಟಿದವರನ್ನ ನೋಡಬೇಕಂತಿದ್ದಿ?"

"ನೋಡಾಕತ್ತೇನಲ್ಲೊ. ಆ ಬಸುರಿ ಹುಡುಗಿ ಯಾರಂತ ಮಾಡೀದಿ? ಹುಟ್ಟೂವಾಗ ಅಡ್ಡಡ್ಡ ಬಂದು ಅವರವ್ವನ ಜೀವಾ ತಿಂದಾಕಿ."

ಹೀಗೆ ಹೇಳಿ, ಕೊಡದಿಂದ ಒಂದು ತಂಬಿಗೆ ನೀರು ತುಂಬಿ ಗಟಗಟನೆ ಕುಡಿದಳು. ಇನ್ನೊಂದು ತುಂಬಿದಳು. ಅದನ್ನೂ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಕಾಲುವೆಯ ಕಡೆ ನೋಡುತ್ತ ಹೇಳಿದಳು.

"ಈ ಏರಿ ಮ್ಯಾಲೆ ಮೂವತ್ತೆರಡು ವರ್ಷ ತಿರಗೇನಿ. ಮುಂಜಾನೆ ಮನಿ ಬಿಟ್ಟರ ಸಂಜಿಗೆ ಮನಿ ಮುಟ್ಟೂತನಾ ಒಂದು ಗುಟುಕು ನೀರು ಕುಡೀತಿರಲಿಲ್ಲ."

"ಯಾಕ?"

"ಕುಡಿದರ ಹೋಗಬೇಕಲ್ಲೋ. ಎಲ್ಲಿಗೆ ಹೋಗಲಿ?"

ನಾನು ಪೆದ್ದನಂತೆ ಅಂದೆ, "ಯಾರದರ ಮನ್ಯಾಗ ಕೇಳಬೇಕಿತ್ತು."

"ಸಂಡಾಸ ಇದ್ದವರ ಮನ್ಯಾಗ ಕೇಳಬಹುದಿತ್ತು," ಅಂದಳು ಚಿಕ್ಕವ್ವ. "ನಾ ಕಟ್ಟಿಸ್ರಿ ಅಂತ ಹೇಳಾಕ ಹೋಗತಿದ್ದದ್ದು ಇಲ್ಲದವರ ಮನೀಗಲ್ಲೇನು?"

ಆಕೆಯ ದನಿಯಲ್ಲಿ ದುಃಖವಿರಲಿಲ್ಲ, ಸಿಟ್ಟೂ ಇರಲಿಲ್ಲ. ಗದ್ದೆಯಿಂದ ಯಾರೋ ಬದುವಿನ ಮೇಲೆ ಬರುತ್ತಿದ್ದರು. ಚಿಕ್ಕವ್ವ ಖಾಲಿ ತಂಬಿಗೆಯನ್ನು ನನ್ನ ಕಡೆ ಚಾಚಿದಳು. ನಾನು ತುಂಬ ತುಂಬಿ ಕೊಟ್ಟು, ಏರಿ ಹತ್ತಿ, ಆ ಕಡೆ ಮುಖ ಮಾಡಿ ಕುಂತೆ.