ಭಾನುವಾರ ಸಾಯುತ್ತಿದ್ದ ಮಾವ

ನಮ್ಮ ಸೋದರಮಾವ ಪ್ರತಿ ಭಾನುವಾರ ಸಾಯುತ್ತಿದ್ದರು. ಸುಳ್ಳಲ್ಲ, ಪಟ್ಟಂದೂರು ಅಗ್ರಹಾರದಲ್ಲಿ ಅವರ ಬಾಡಿಗೆ ಮನೆಗಳಲ್ಲಿದ್ದ ಯಾರನ್ನು ಬೇಕಾದರೂ ಕೇಳಿ! ಬೆಳಗ್ಗೆ ದೋಸೆ ತಿಂದು, ಕೈ ತೊಳೆದು, ಹೆಂಡತಿಗೆ "ಸರಿ ಕಣೇ, ನಾನಿನ್ನು ಇಲ್ಲ" ಎಂದು ಹೇಳಿ ತಾರಸಿಗೆ ಹತ್ತುತ್ತಿದ್ದರು. ಅಲ್ಲಿ ನೀರಿನ ಟ್ಯಾಂಕಿನ ನೆರಳಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಮುಖಕ್ಕೆ ಟವೆಲ್ ಹಾಕಿಕೊಂಡು ಸಂಜೆಯವರೆಗೆ ಸತ್ತಿರುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಾತ್ರ ಇಳಿದು ಬರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಹೆಣ ಇರಬಾರದಂತೆ!

ಇಳಿದು ಬಂದವರಿಗೆ ಅತ್ತೆ ಕಾಫಿ ಕೊಡುತ್ತಿದ್ದರು. ಮಾವನಿಗೆ ಶುಗರ್ ಇದ್ದುದರಿಂದ ಸಕ್ಕರೆ ಇಲ್ಲದ ಕಾಫಿ.

"ಸತ್ತು ವಾಪಸ್ ಬಂದೋನಿಗೂ ಒಂದ್ ಚಮಚ ಸಕ್ರೆ ಇಲ್ವೇನೇ?"

"ಸಕ್ರೆ ಹಾಕಿದ್ರೆ ವಾಪಸ್ ಬರಲ್ಲ ನೀವು. ಸುಮ್ನೆ ಕುಡೀರಿ."

ಇದು ವಾರವಾರವೂ ತಪ್ಪದೆ ನಡೆಯುತ್ತಿದ್ದ ಮಾತು.

ಇದ್ಯಾವ ಹುಚ್ಚು ಎಂದು ಕೇಳುತ್ತೀರಾ? ಮಾವನಿಗೂ ಅತ್ತೆಗೂ ಇಪ್ಪತ್ತೆರಡು ವರ್ಷದ ಅಂತರ. ಐವತ್ತಾರಕ್ಕೆ ಮಾವ ಮದುವೆಯಾದಾಗ ಅತ್ತೆಗೆ ಮೂವತ್ತನಾಲ್ಕು, ನನಗೆ ಮೂವತ್ತೊಂಬತ್ತು! ನನಗಿಂತ ಚಿಕ್ಕವರನ್ನು ನಾನು ಅತ್ತೆ ಎನ್ನುವುದು, ಅವರು ನನ್ನನ್ನು ಅಕ್ಕ ಎನ್ನುವುದು. ಕೇಳಿದವರು ತಲೆ ಕೆರೆದುಕೊಂಡು ಹೋಗಬೇಕು.

ಅಲ್ಲಿಯವರೆಗೆ ಮಾವ ಬ್ರಹ್ಮಚಾರಿ. ನೀರಿನ ಮೋಟಾರು ಕೆಟ್ಟಿತೆಂದು ಒಮ್ಮೆ ಯಾರೋ ಹೇಳಿದ ಪೀಣ್ಯದ ವರ್ಕ್‌ಶಾಪಿಗೆ ಒಯ್ದರು. ಅಲ್ಲಿ ಲೇತಿನ ಮೇಲೆ ಕೆಲಸ ಮಾಡುತ್ತಿದ್ದವನಿಗೆ ಅವನ ತಂಗಿ ರಾಜಗೋಪಾಲನಗರದ ಮನೆಯಿಂದ ಊಟದ ಡಬ್ಬಿ ತಂದಳು. ಅಷ್ಟೇ. ಆಮೇಲೆ ಆ ಮೋಟಾರು ಪದೇ ಪದೇ ಕೆಡತೊಡಗಿತು! ನಮ್ಮೂರಿಗೂ ಪೀಣ್ಯಕ್ಕೂ ನಡುವೆ ಇಡೀ ಬೆಂಗಳೂರೇ ಬಿದ್ದಿದೆ. ಈ ಮನುಷ್ಯ ಆಟೋದಲ್ಲಿ ಮೋಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಟ್ರಾಫಿಕ್ಕಿನಲ್ಲಿ ಬೇಯುತ್ತ ಹೋಗುತ್ತಿದ್ದರು. ಇಲ್ಲೇ ವೈಟ್‌ಫೀಲ್ಡಿನಲ್ಲಿ ರಿಪೇರಿಯವರು ಸಿಗುತ್ತಾರೆ ಎಂದು ನಾವೆಲ್ಲ ಬುದ್ಧಿ ಹೇಳಿದ್ದೇ ಹೇಳಿದ್ದು. ಕೊನೆಗೆ ಆ ಅಣ್ಣನೇ ತಡೆಯಲಾರದೆ ಹೇಳಿದನಂತೆ: "ಸಾರ್, ಮೋಟ್ರು ಸರಿಯಾಗೇ ಐತೆ. ನಿಮ್ಗೇನ್ ಬೇಕು ಹೇಳ್ಬಿಡಿ."

ಮದುವೆಯ ಸುದ್ದಿ ಕೇಳಿ ಮನೆಯಲ್ಲಿ ರಂಪವೋ ರಂಪ. ನಮ್ಮಮ್ಮ, ಅಂದರೆ ಮಾವನ ಸ್ವಂತ ಅಕ್ಕ, ಹಣೆ ಹಣೆ ಚಚ್ಚಿಕೊಂಡರು.

"ಇಪ್ಪತ್ತೆರಡು ವರ್ಸ ಚಿಕ್ಕೋಳಲ್ಲೋ! ಊರೋರು ಏನಂದಾರು?"

"ನಿನ್ ಮಗಳ್ನ ನಂಗೆ ಕೊಡ್ತೀನಂತ ಬಂದಾಗ ಊರೋರು ಎಲ್ಲೋಗಿದ್ರಕ್ಕ?"

ಆ ಮಗಳು ಬೇರೆ ಯಾರೂ ಅಲ್ಲ, ನಾನೇ! ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹಳೆಯ ಪದ್ಧತಿ. ನನಗೂ ಮಾವನಿಗೂ ಹದಿನೇಳು ವರ್ಷ ವ್ಯತ್ಯಾಸವಿದ್ದರೂ ನೆಂಟರೆಲ್ಲ ಒಳ್ಳೆ ಜೋಡಿ ಎಂದಿದ್ದರು. "ಅದ್ರ ಸಿಂಬ್ಳ ಒರ್ಸಿ ಬೆಳ್ಸಿದ್ದೀನಿ, ಅದ್ರ ಕತ್ತಿಗೆ ತಾಳಿ ಕಟ್ಟಾಕಾಗಲ್ಲ" ಎಂದು ಮಾವನೇ ನನ್ನನ್ನು ಬಿಡಿಸಿದ್ದರು. ಮನೆಯೊಳಗಿನ ಹದಿನೇಳು ನಡೆಯುತ್ತದೆ, ಹೊರಗಿನ ಇಪ್ಪತ್ತೆರಡು ನಡೆಯುವುದಿಲ್ಲ. ಇದ್ಯಾವ ಸೀಮೆಯ ನ್ಯಾಯ ಸ್ವಾಮಿ?

ಅಂತೂ ಮದುವೆಯಾಯಿತು. ಊಟದ ಪಂಕ್ತಿಯಲ್ಲೇ ಯಾರೋ ಹಿರಿಯರು ಅತ್ತೆಗೆ, "ಅವ್ನು ಹೋದ್ಮೇಲೆ ನಿನ್ ಗತಿ ಏನಮ್ಮ?" ಎಂದರು. ಅತ್ತೆ ನಕ್ಕುಬಿಟ್ಟರು. ಮಾವನಿಗೆ ಅದು ನಾಟಿತು. ನಮ್ಮಜ್ಜಿ, ಅಂದರೆ ಮಾವನ ತಾಯಿಯೂ, ತಾತನಿಗಿಂತ ಬಹಳ ಚಿಕ್ಕವಳು. ತಾತ ಹೋದ ದಿನ ಬೀರುವಿನ ಬೀಗದ ಕೈ ಎಲ್ಲಿದೆ ಎಂಬುದೇ ಅಜ್ಜಿಗೆ ಗೊತ್ತಿರಲಿಲ್ಲ. ಅದು ಮೈದುನರ ಕೈಗೆ ಹೋಯಿತು. ಅಲ್ಲಿಂದಾಚೆಗೆ ತನ್ನ ಸ್ವಂತ ಮನೆಯಲ್ಲಿ ಒಂದು ಎಲೆ ಅಡಿಕೆಗೂ ಅಜ್ಜಿ ಇನ್ನೊಬ್ಬರ ಮುಖ ನೋಡಿದಳು. ಅದನ್ನೆಲ್ಲ ಕಣ್ಣಾರೆ ಕಂಡು ಬೆಳೆದ ಮಾವ, ತನ್ನ ಹೆಂಡತಿಗೆ ಆ ಪಾಡು ಬರಬಾರದೆಂದು ಈ ಭಾನುವಾರದ ಸಾವನ್ನು ಶುರುಮಾಡಿದರು. ಆ ದಿನ ಮೋಟಾರು, ನೀರಿನ ಟ್ಯಾಂಕರು, ಗ್ಯಾಸು, ಬಾಡಿಗೆಯವರ ಜಗಳ ಎಲ್ಲವೂ ಅತ್ತೆಯ ಪಾಲಿಗೆ. ಏನೇ ಆದರೂ ಹೆಣ ಬಾಯಿ ಬಿಡುವ ಹಾಗಿಲ್ಲ.

ಮೊದಲ ಭಾನುವಾರವೇ ಅತ್ತೆ ಮೋಟಾರು ಹಾಕಿ ಮರೆತರು. ಟ್ಯಾಂಕು ತುಂಬಿ, ಪಕ್ಕದಲ್ಲೇ ಕೂತಿದ್ದ ಮಾವನ ತಲೆಯ ಮೇಲೆ ಧೋ ಎಂದು ಸುರಿಯಿತು. ಸಂಜೆ ಒದ್ದೆಮುದ್ದೆಯಾಗಿ ಇಳಿದು ಬಂದವರನ್ನು ನೋಡಿ ಅತ್ತೆ, "ಅಯ್ಯೋ, ಎದ್ದು ಪಕ್ಕಕ್ಕಾದ್ರೂ ಹೋಗ್ಬಾರ್ದಾ?" ಎಂದರು.

"ಹೆಣ ಎಲ್ಲಾದ್ರೂ ಎದ್ದು ಹೋಗ್ತದಾ?" ಎಂದು ಹೇಳಿ ಮಾವ ಸೀನಿದರು.

ಇನ್ನೊಂದು ವಾರ, ಹೊಸದಾಗಿ ಬಾಡಿಗೆಗೆ ಬಂದಿದ್ದ ಐಟಿ ಕಂಪನಿಯವನೊಬ್ಬ ಬಾಗಿಲಿಗೆ ಬಂದ.

"ಅಂಕಲ್ ಇದಾರಾ ಆಂಟಿ?"

"ತೀರ್ಕೊಂಡ್ರು."

"ಅಯ್ಯೋ ದೇವ್ರೇ! ಯಾವಾಗ?"

"ಬೆಳಗ್ಗೆ. ದೋಸೆ ತಿಂದು."

ಪಾಪ, ಆತ ಓಡಿಹೋಗಿ ಸಂಜೆ ದೊಡ್ಡದೊಂದು ಹಾರ ಹಿಡಿದುಕೊಂಡು ಬಂದರೆ, ಮೃತರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾರೆ! "ಹಾರ ಚೆನ್ನಾಗೈತೆ ಕಣಪ್ಪ. ಈಗ ದೇವ್ರ ಪಟಕ್ಕೆ ಹಾಕು" ಎಂದರು ಮಾವ. ಆತ ಸ್ವಲ್ಪ ದಿನದಲ್ಲೇ ಮನೆ ಖಾಲಿ ಮಾಡಿದ.

ಕ್ಲಿನಿಕ್ಕಿಗೆ ಹೋದರೂ ಇದೇ ಕಥೆ. ಬಿಪಿ ನೋಡುತ್ತಿದ್ದ ನರ್ಸ್ ಅತ್ತೆಯನ್ನು ತೋರಿಸಿ, "ಮಗಳಾ ಅಂಕಲ್?" ಎಂದಳು. "ಅಲ್ಲಮ್ಮ, ನನ್ ವಿಧವೆ. ಟ್ರೈನಿಂಗಲ್ಲವ್ಳೆ" ಎಂದರು ಮಾವ. ಪಾಪ, ಅವಳದೇ ಬಿಪಿ ಏರಿರಬೇಕು.

ಇವೆಲ್ಲ ಹೋಗಲಿ ಎಂದರೆ ಪಿತೃಪಕ್ಷ! ಸತ್ತ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಒಂದು ವರ್ಷ ಬಾಗಿಲು ತೆರೆದರೆ ತಾತನ ಎಲೆಯ ಕೋಳಿಸಾರು, ಮುದ್ದೆ ಎರಡೂ ಮಾಯ. ನಮ್ಮಮ್ಮನಿಗೆ ರೋಮಾಂಚನ. "ಅಪ್ಪ ಬಂದಿದ್ರು ಕಣ್ರೇ!" ಎಂದು ಅಡ್ಡಬಿದ್ದರು. ಆಗ ಬೀರುವಿನ ಹಿಂದಿನಿಂದ ಮಾವನ ತಲೆ ಹೊರಬಂತು. "ಉಪ್ಪು ಕಮ್ಮಿ ಆಗೈತೆ. ನನ್ ಎಡೆಗೆ ಇಂಗೆ ಮಾಡ್ಬೇಡ ಕಣೇ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆ ನಗಲಿಲ್ಲ. ಕೈಯಲ್ಲಿದ್ದ ಸೌಟು ನೆಲಕ್ಕೆ ಕುಕ್ಕಿ, "ಯಾವಾಗ್ ನೋಡಿದ್ರೂ ನೀವೇ ಹೋಗೋದು! ನಾನೇ ಮೊದ್ಲು ಹೋದ್ರೆ? ನಿಮ್ಗ್ಯಾರು ಟ್ರೈನಿಂಗ್ ಕೊಡ್ತಾರೆ?" ಎಂದರು. ಮಾವನ ಮುಖ ಸಣ್ಣದಾಯಿತು. ಮುಂದಿನ ಭಾನುವಾರ ಅವರು ಸಾಯಲಿಲ್ಲ. ತಾರಸಿಯ ಕಡೆ ತಲೆಯೂ ಹಾಕದೆ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ದಿನವಿಡೀ ಬೆಳ್ಳುಳ್ಳಿ ಬಿಡಿಸಿದರು.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಾವ ನಿಜವಾಗಿ ಹೋದರು. ಅದೂ ಬುಧವಾರ. ಹಲ್ಲುಜ್ಜಿ ಬಂದು ಮಂಚದ ಮೇಲೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ದೋಸೆಯನ್ನೂ ತಿಂದಿರಲಿಲ್ಲ. ನಾನು ಸರ್ಜಾಪುರದಿಂದ ಓಡಿಬರುವಷ್ಟರಲ್ಲಿ ಶಾಮಿಯಾನ ಎದ್ದಿತ್ತು, ಕುರ್ಚಿಗಳು ಬಂದಿದ್ದವು, ಬಂದವರಿಗೆ ನೀರಿನ ವ್ಯವಸ್ಥೆಯಾಗಿತ್ತು. ಎಲ್ಲವೂ ಅತ್ತೆಯದೇ ಏರ್ಪಾಡು. ನಡುವೆ ಟ್ಯಾಂಕರಿನವನು ಬಂದಾಗ ತಾವೇ ಎದ್ದುಹೋಗಿ ಸಂಪಿನ ಮುಚ್ಚಳ ತೆಗೆಸಿದರು. ನಮ್ಮ ಚಿಕ್ಕತಾತನೊಬ್ಬರು ಗಂಟಲು ಸರಿಮಾಡಿಕೊಂಡು, "ಹೆಣ್ಣೆಂಗ್ಸು ನೀನು, ಬೀಗದ ಕೈ ನನ್ ಕೈಲಿ ಕೊಟ್ಟಿರಮ್ಮ" ಎಂದರು. ಅತ್ತೆ ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ನನ್ನತ್ರಾನೇ ಇರ್ಲಿ ಚಿಕ್ಕಪ್ಪ, ನಂಗ್ ಅಭ್ಯಾಸ ಐತೆ" ಎಂದರು. ಮಾವ ಆ ಮಾತು ಕೇಳಬೇಕಿತ್ತು!

ಅತ್ತೆ ಅಳಲೇ ಇಲ್ಲ. ನೆಂಟರಿಗೆ ಅಷ್ಟು ಸಾಲದೇ? "ಒಂದ್ ಹನಿ ಕಣ್ಣೀರಿಲ್ಲ ನೋಡು. ಅಷ್ಟ್ ವಯಸ್ಸಿನ್ ಅಂತರ ಇದ್ರೆ ಪ್ರೀತಿ ಎಲ್ಲಿಂದ ಬರ್ತೈತೆ?" ಎಂದು ನನ್ನ ಕಿವಿಗೇ ಬೀಳುವಂತೆ ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಸಾವಿನ ಮನೆಯೆಂದು ಸುಮ್ಮನಾದೆ, ಇಲ್ಲದಿದ್ದರೆ ಅವತ್ತು ಯಾರನ್ನೂ ಬಿಡುತ್ತಿರಲಿಲ್ಲ.

ತಿಥಿ ಕಳೆದ ಮೇಲಿನ ಭಾನುವಾರ ಅತ್ತೆಯನ್ನು ನೋಡಿಕೊಂಡು ಬರಲು ಹೋದೆ. ಮನೆ ಎಂದಿನಂತೆ ಅಚ್ಚುಕಟ್ಟಾಗಿತ್ತು. ಮೋಟಾರನ್ನು ಹೊತ್ತಿಗೆ ಸರಿಯಾಗಿ ಹಾಕಿ ಆರಿಸಿದರು. ಎರಡನೆಯ ಮಹಡಿಯವರಿಗೂ ಮೂರನೆಯ ಮಹಡಿಯವರಿಗೂ ಹತ್ತಿದ್ದ ಜಗಳವನ್ನು ನಿಂತಲ್ಲೇ ಬಿಡಿಸಿದರು. ಮಾವನ ಟ್ರೈನಿಂಗ್ ಎಂದರೆ ಟ್ರೈನಿಂಗ್ ಎಂದುಕೊಂಡೆ. ಮಬ್ಬಾಗುತ್ತಲೇ ದೇವರ ಮುಂದೆ ದೀಪ ಹಚ್ಚಿ, ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ಒಂದು ನನಗೆ ಎಂದು ನಾನು ಕೈ ಚಾಚಿದೆ. ಅವರು ನನ್ನನ್ನು ನೋಡಲೇ ಇಲ್ಲ. ತಾರಸಿಯ ಮೆಟ್ಟಿಲ ಬಳಿ ಹೋಗಿ, ಮೇಲೆ ನೋಡುತ್ತ ನಿಂತರು.

ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಮೊದಲ ಮೆಟ್ಟಿಲ ಮೇಲೆ ಕುಸಿದು ಕೂತರು.

"ಎಲ್ಲಾ ಹೇಳ್ಕೊಟ್ರು ಅಕ್ಕ. ಮೋಟ್ರು, ಟ್ಯಾಂಕ್ರು, ಬೀಗದ್ ಕೈ, ಎಲ್ಲಾ. ದೀಪ ಹಚ್ಚಿದ್ಮೇಲೂ ಇಳಿದ್ ಬರ್ದೇ ಇರೋದೊಂದ್ ಅಭ್ಯಾಸ ಮಾಡಿಸ್ಲಿಲ್ಲ."

ಅಂದು ಅತ್ತೆ ಮೊದಲ ಸಲ ಅತ್ತರು. ನಾನು ಪಕ್ಕದಲ್ಲಿ ಕೂತು, ಅವರ ಕೈಯಿಂದ ಒಂದು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದೆ. ಸಕ್ಕರೆ ಹಾಕಿರಲಿಲ್ಲ. ನಾನೂ ಕೇಳಲಿಲ್ಲ. ಹಾಗೇ ಪೂರ್ತಿ ಕುಡಿದೆ.